ಮುಟ್ಟಿ ನೋಡಿ ಅಂದಿದ್ದೆ

ಶ್ರೀರಾಂಪುರದ ಹೊಸ ಬಡಾವಣೆಗಳಲ್ಲಿ ಯಾವ ಯಾವ ಹಾವುಗಳು ಇನ್ನೂ ಉಳಿದಿವೆ ಎಂದು ಕೆಲವು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಯಾರ ಮನೆಯಲ್ಲಾದರೂ ಹಾವು ಕಂಡರೆ ನನಗೆ ಫೋನ್ ಬರುತ್ತದೆ. ಹೋಗಿ ಹಿಡಿದು, ಉದ್ದ ಅಳೆದು, ಫೋಟೊ ತೆಗೆದು, ಹತ್ತಿರದ ಕುರುಚಲು ಕಾಡಿಗೆ ಬಿಟ್ಟು ಬರುತ್ತೇನೆ.

ಆ ಬೆಳಿಗ್ಗೆ ಕರೆದವರು ಐವತ್ತು ದಾಟಿದ ಹೆಂಗಸು. ಗಂಡ ಹೆಬ್ಬಾಳದ ಕಾರ್ಖಾನೆಗೆ ಮೊದಲ ಪಾಳಿಗೆ ಹೋಗಿದ್ದರು. ಬಚ್ಚಲಿನ ಬಕೆಟ್ ಹಿಂದೆ ಮೊಳದುದ್ದದ ಹಾವೊಂದು ಸುತ್ತಿಕೊಂಡಿತ್ತು. ಪೊರೆ ಬಿಡುವ ಸಮಯ, ಮೈಮೇಲಿನ ಬಿಳಿ ಪಟ್ಟೆಗಳು ಮಸುಕಾಗಿದ್ದವು. ಒಂದೇ ನೋಟಕ್ಕೆ ತೋಳಹಾವು ಅಂದುಕೊಂಡೆ. ಹಲ್ಲಿ ತಿಂದುಕೊಂಡಿರುವ, ವಿಷವಿಲ್ಲದ ಹಾವು. ಅಂಥವನ್ನು ಆ ತಿಂಗಳಲ್ಲೇ ಆರೇಳು ಹಿಡಿದಿದ್ದೆ. ಬರಿಗೈಯಲ್ಲಿ ಎತ್ತಿಕೊಂಡೆ.

"ಹೊಡೆದಾಕ್ಬುಡಿ ಕಣಮ್ಮ," ಎಂದರು ಬಾಗಿಲಾಚೆಯಿಂದ.

"ಪಾಪದ್ದು ಅಮ್ಮ ಇದು, ಏನೂ ಮಾಡಲ್ಲ. ಬನ್ನಿ, ಮುಟ್ಟಿ ನೋಡಿ."

ಜನರ ಹೆದರಿಕೆ ಬಿಡಿಸಬೇಕೆನ್ನುವುದು ನನ್ನ ಹುಚ್ಚು. ಬೇಡ ಬೇಡ ಅಂದವರನ್ನು ಒಪ್ಪಿಸಿ ಅಂಗೈ ಮೇಲೇ ಇಟ್ಟೆ. ಹಾವು ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಸುಮ್ಮನಿತ್ತು. "ಅಯ್ಯೋ, ತಣ್ಣಗದೆ!" ಎಂದು ನಕ್ಕರು. ಅಷ್ಟರಲ್ಲಿ ಅದು ಕೊಸರಿತು, ಅವರು ಕೈ ಒದರಿದರು, ನಾನು ಹಿಡಿದುಕೊಂಡೆ.

ಅಂಗಳದ ಬಿಸಿಲಿನಲ್ಲಿ ಬಟ್ಟೆಯ ಮೇಲೆ ಚಾಚಿ ಅಳೆಯಹೊರಟಾಗ ಅದರ ಬೆನ್ನು ಸರಿಯಾಗಿ ಕಂಡಿತು. ನಡುಬೆನ್ನಿನುದ್ದಕ್ಕೂ ಒಂದು ಸಾಲು ಹುರುಪೆ, ಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಪಟ್ಟೆಗಳು ಬಾಲದ ಕಡೆ ಎದ್ದು ಕಾಣುತ್ತಿದ್ದವು. ತೋಳಹಾವಿಗೆ ಹೀಗಿರುವುದಿಲ್ಲ. ಅದು ಕಟ್ಟುಹಾವಿನ ಮರಿ.

ಕಟ್ಟುಹಾವು ಕಚ್ಚಿದರೆ ನೋವು, ಊತ ಎರಡೂ ಇಲ್ಲದೆ ಹೋಗಬಹುದು. ಗಂಟೆಗಳ ಮೇಲೆ ರೆಪ್ಪೆ ಇಳಿಯುತ್ತದೆ, ನಾಲಗೆ ತೊದಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಇದನ್ನೇ ನಾನು ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದೆ.

ಹಾವನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಚೀಲದಲ್ಲಿಟ್ಟೆ. ನನ್ನ ಬೆರಳುಗಳಲ್ಲಿ ಒಂದು ಗೀರೂ ಇರಲಿಲ್ಲ. ಒಳಗೆ ಹೋಗಿ ಅವರ ಕೈ ತಿರುವಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಕೆಂಪು ಚುಕ್ಕೆ.

"ಇದೇನಮ್ಮ?"

"ಬದನೆಕಾಯಿ ಮುಳ್ಳಿರ್ಬೇಕು. ಯಾಕೆ?"

"ನಾನು ತಪ್ಪು ಹೇಳ್ಬುಟ್ಟೆ ಅಮ್ಮ. ಅದು ವಿಷದ ಹಾವು. ಆಸ್ಪತ್ರೆಗೆ ಹೋಗೋಣ, ಈಗ್ಲೇ."

ಅವರು ಕೂಗಾಡಲಿಲ್ಲ. ಗ್ಯಾಸ್ ಆರಿಸಿ ಚಪ್ಪಲಿ ಮೆಟ್ಟಿದರು. ಆಟೋದಲ್ಲಿ ಮಾತ್ರ ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಕಚ್ಚಿದೆಯೋ ಇಲ್ವೋ ಈಗ ಹೇಳೋಕಾಗಲ್ಲ. ಒಂದು ದಿನ ಇಲ್ಲೇ ಇರ್ಲಿ," ಎಂದರು ಡಾಕ್ಟರು.

ನಾನು ಹಾಸಿಗೆಯ ಪಕ್ಕ ಕುಳಿತು ಅವರ ರೆಪ್ಪೆಗಳನ್ನೇ ನೋಡುತ್ತಿದ್ದೆ. ಎರಡು ನಿಮಿಷಕ್ಕೊಮ್ಮೆ ಏನಾದರೂ ಕೇಳುವುದು, ಮಾತು ತೊದಲುತ್ತದೆಯೇ ಎಂದು ಕಿವಿಗೊಡುವುದು. ಮಧ್ಯಾಹ್ನದ ಹೊತ್ತಿಗೆ, "ಯಾಕೋ ಕಣ್ಣು ಎಳೀತಾ ಅದೆ ಕಣಮ್ಮ," ಅಂದರು. ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಡಾಕ್ಟರ ಬಳಿ ಓಡಿದೆ.

ಡಾಕ್ಟರು ಬಂದು, ರೆಪ್ಪೆ ಇಳಿಯುತ್ತಿದೆಯೇ ಎಂದು ತಿಳಿಯಲು ಚಾವಣಿ ನೋಡಿಸಿದರು, ಕತ್ತಿನ ಬಲ ನೋಡಲು ದಿಂಬಿನಿಂದ ತಲೆ ಎತ್ತಿಸಿದರು. "ಬೆಳಿಗ್ಗೆ ಎಷ್ಟೊತ್ತಿಗೆ ಎದ್ರಿ?"

"ನಾಕಕ್ಕೆ. ಯಜಮಾನ್ರಿಗೆ ಬುತ್ತಿ ಕಟ್ಬೇಕಲ್ಲ."

"ನಿದ್ದೆ ಅನ್ಸುತ್ತೆ," ಎಂದರು ಡಾಕ್ಟರು. ಅನ್ಸುತ್ತೆ ಎಂಬ ಆ ಒಂದು ಮಾತು ನನ್ನನ್ನು ತಿಂದುಹಾಕಿತು. ಆ ಅಮ್ಮ ನಿದ್ದೆಹೋದರೆ ನನಗೆ ಭಯ, ಎಬ್ಬಿಸಲು ಸಂಕೋಚ.

ಪಾಳಿ ಮುಗಿದ ಮೇಲೆ ಫೋನಿನಲ್ಲಿ ಸುದ್ದಿ ತಿಳಿದ ಗಂಡ ಬಸ್ಸಿಳಿದು, ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದರು. ನಡೆದುದನ್ನೆಲ್ಲ ಹೇಳಿದೆ. ಅವರು ಸ್ಟೂಲ್ ಎಳೆದುಕೊಂಡು, ನನಗೂ ಹಾಸಿಗೆಗೂ ನಡುವೆ ಕುಳಿತುಬಿಟ್ಟರು.

ಏನೂ ಆಗಲಿಲ್ಲ. ಮಾರನೆಯ ದಿನ ಮನೆಗೆ ಕಳಿಸಿದರು. ಆಸ್ಪತ್ರೆಯ ಗೇಟಿನ ಬಳಿ ಆ ಅಮ್ಮ ನನ್ನತ್ತ ತಿರುಗಿ, "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕಿತ್ತು ಕಣಮ್ಮ," ಎಂದರು. ಗೊತ್ತಿದೆ ಎಂದೇ ನಾನು ನಂಬಿದ್ದೆ.

ಎರಡು ತಿಂಗಳು ಯಾರ ಕರೆಗೂ ಹೋಗಲಿಲ್ಲ. ಈಗ ಹೋಗುತ್ತೇನೆ, ಕೊಕ್ಕೆ ಮತ್ತು ಚೀಲ ಹಿಡಿದು. ಮನೆಯವರನ್ನು ದೂರ ನಿಲ್ಲಿಸುತ್ತೇನೆ. ಬರೀ ಕೇರೆಹಾವಾಗಿದ್ದರೂ ಬೆನ್ನಿನ ಹುರುಪೆಯನ್ನು ಎರಡು ಸಲ ನೋಡುತ್ತೇನೆ.