ಹದಿನಾಲ್ಕನೆಯ ಮಿಷನ್

ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ವೈರಣ್ಣ ಅಂತಲೇ ಕರೆಯುತ್ತಿದ್ದೆವು. ಇಪ್ಪತ್ತೆರಡು ವರ್ಷದ ಹಿಂದೆ ಗೋಡೆಗೆ ವೈರ್ ಎಳೆಯಲು ಬಂದವರು, ಕಲಿಯುತ್ತ ಕಲಿಯುತ್ತ ಕಂಪ್ಯೂಟರ್ ರೂಮಿನ ಯಜಮಾನರಾದರು. ಯಜಮಾನರು ಅಂದರೆ ಏನು ಮಹಾ? ಕಿಟಕಿಯಿಲ್ಲದ ಕೋಣೆ, ಹದಿನಾಲ್ಕು ಮಿಷನ್ನು, ಅವುಗಳ ಗುಂಯ್ ಅನ್ನುವ ಸದ್ದು, ಎಸಿ ಚಳಿಗೆ ಮೊಣಕೈ ತೂತಾದ ಒಂದು ಸ್ವೆಟರ್. ನಾನು ಎದುರಿನ ಲ್ಯಾಬ್ ಕೌಂಟರಿನವಳು, ರಕ್ತ ಕೊಡಲು ಬಂದವರ ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ವೈರಣ್ಣ ಬೈಸಿಕೊಳ್ಳುವುದನ್ನು ನನ್ನಷ್ಟು ಕೇಳಿದವರು ಇನ್ನೊಬ್ಬರಿಲ್ಲ.

ಹೋದ ವರ್ಷ ಮ್ಯಾನೇಜರಿಗೆ ಕ್ಲೌಡಿನ ಹುಚ್ಚು ಹಿಡಿಯಿತು. ಅಂದರೆ ಇಲ್ಲಿನ ಮಿಷನ್ನುಗಳ ಕೆಲಸವನ್ನೆಲ್ಲ ಎಲ್ಲೋ ದೂರದ ಕಂಪನಿಯೊಂದರ ಮಿಷನ್ನುಗಳಿಗೆ ಒಪ್ಪಿಸಿ, ಈ ಕೋಣೆಯನ್ನು ಖಾಲಿ ಮಾಡುವುದು. ಎಕ್ಸ್‌ರೇ ವಿಭಾಗಕ್ಕೆ ಜಾಗ ಬೇಕಾಗಿತ್ತು. "ಆರು ತಿಂಗಳು ಸಾಕಲ್ವಾ?" ಅಂದರು. ಹೇಳುವವರಿಗೇನು! ವೈರಣ್ಣನಿಗೆ ಭಾನುವಾರವೂ ಇಲ್ಲ, ರಜೆಯೂ ಇಲ್ಲ. ಅವರ ಹೆಂಡತಿ ಒಮ್ಮೆ ನನ್ನ ಕೌಂಟರಿಗೇ ಫೋನ್ ಮಾಡಿ, "ಅಕ್ಕಾ, ನಮ್ಮನೆಯವ್ರು ಇನ್ನೂ ಇದ್ದಾರಾ ಸ್ವಲ್ಪ ನೋಡಿ" ಅಂದರು. ಇಣುಕಿದರೆ ಕೀಬೋರ್ಡಿನ ಪಕ್ಕ ತಲೆಯಿಟ್ಟು ಮಲಗಿದ್ದರು. "ಉಸಿರಾಡ್ತಿದ್ದಾರೆ" ಅಂದೆ.

ಯಾವ ಮಿಷನ್ ಏನು ಮಾಡುತ್ತದೆ ಅಂತ ಬರೆದಿಟ್ಟ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಅದಕ್ಕೆ ಆ ಕಸುಬಿನವರಲ್ಲಿ ಒಂದು ರೂಢಿಯಿದೆಯಂತೆ. ಗೊತ್ತಿಲ್ಲದ ಮಿಷನ್ನನ್ನು ಆಫ್ ಮಾಡಿ ಸುಮ್ಮನೆ ಕೂರುವುದು. ಯಾರು ಕಿರುಚಿಕೊಂಡು ಬರುತ್ತಾರೋ ಅದು ಅವರದ್ದು. ಒಂದಕ್ಕೆ ಹತ್ತು ನಿಮಿಷದಲ್ಲಿ ಔಷಧಿ ವಿಭಾಗದವರು ಬಾಯಿ ಬಡಿದುಕೊಂಡು ಓಡಿಬಂದರು. ಇನ್ನೊಂದಕ್ಕೆ ದೊಡ್ಡ ಡಾಕ್ಟರು, "ಇಲ್ಲಿ ಮನುಷ್ಯರು ಕೆಲ್ಸ ಮಾಡೋದು ಹೇಗ್ರೀ?" ಅಂತ ಬಾಗಿಲು ಗುದ್ದಿದರು. ವೈರಣ್ಣ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ನಿಂತು ಕೇಳಿಸಿಕೊಂಡು, ಮಿಷನ್ ಮತ್ತೆ ಆನ್ ಮಾಡಿ, ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಹಾಗೆ ಹದಿಮೂರು ಮಿಷನ್ನುಗಳ ಕೆಲಸ ಕ್ಲೌಡಿಗೆ ಸಾಗಿತು. ಹದಿನಾಲ್ಕನೆಯದು ಮೂಲೆಯ ಮೇಜಿನ ಕೆಳಗೆ ಧೂಳು ತಿನ್ನುತ್ತ ಕೂತಿತ್ತು. ಅದನ್ನು ಇಟ್ಟವರು ತೀರಿಕೊಂಡಿದ್ದರು, ಪಾಸ್‌ವರ್ಡೂ ಅವರ ಜೊತೆಗೇ ಹೋಗಿತ್ತು. ಅದು ಮಾಡುತ್ತಿದ್ದ ಕೆಲಸ ಈಗ ನನಗೆ ಗೊತ್ತು. ರಕ್ತದ ಪರೀಕ್ಷೆಯಲ್ಲಿ ಏನಾದರೂ ಕೆಟ್ಟದ್ದು ಕಂಡರೆ, ಆ ರೋಗಿಗೆ 'ಕೂಡಲೇ ಬನ್ನಿ' ಅಂತ ಮೆಸೇಜ್ ಕಳಿಸುವುದು. "ಏನಾದ್ರೂ ಇದ್ರೆ ಮೆಸೇಜ್ ಬರುತ್ತೆ, ಬರ್ಲಿಲ್ಲ ಅಂದ್ರೆ ಆರಾಮಾಗಿರಿ" ಅಂತ ಎಲ್ಲರಿಗೂ ದಿನಕ್ಕೆ ನೂರು ಸಲ ಹೇಳುವವಳು ನಾನೇ. ಆ ಮೆಸೇಜ್ ಎಲ್ಲಿಂದ ಹೋಗುತ್ತದೆ ಅಂತ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಆಫ್ ಮಾಡಿ ಏಳು ದಿನ ಕಾದರು. ಯಾರದ್ದೂ ಚಕಾರವಿಲ್ಲ.

"ಇನ್ನೊಂದೆರಡು ವಾರ ನೋಡೋಣ್ವೇನಮ್ಮಾ?" ಅಂದರು ವೈರಣ್ಣ. ಕಣ್ಣು ಕೆಂಡದ ಹಾಗಿದ್ದವು.

"ಅಯ್ಯೋ, ಮುಗಿಸಿ ಮನೆಗೆ ಹೋಗಿ ಅಣ್ಣಾ. ಬೇಕಾದೋರು ಇಷ್ಟೊತ್ತಿಗೆ ಊರು ಒಂದು ಮಾಡ್ತಿದ್ರು" ಅಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕು. ಅವರು ಮಿಷನ್ ಕಳಚಿ ಗುಜರಿಗೆ ಕೊಟ್ಟರು.

ಮೂರನೆಯ ದಿನ ಲ್ಯಾಬಿನ ಡಾಕ್ಟರಮ್ಮ ಬಂದು, "ಏನಿದು, ಮರುಪರೀಕ್ಷೆಗೆ ಅಂತ ಒಬ್ರೂ ಬರ್ತಿಲ್ಲ?" ಅಂದಾಗ ನನಗೆ ಆ ಮೂಲೆಯ ಮಿಷನ್ ನೆನಪಾಯಿತು. ಓಡಿಹೋಗಿ ಹೇಳಿದೆ. ವೈರಣ್ಣ ಖಾಲಿ ಕೋಣೆಯ ನೆಲದ ಮೇಲೆ ಕೂತುಬಿಟ್ಟರು. ಮೆಸೇಜ್ ಹೋಗಬೇಕಾಗಿದ್ದವರು ನಲವತ್ತೊಂದು ಜನ.

"ಈಗ ಒಟ್ಟಿಗೆ ಮೆಸೇಜ್ ಹಾಕಿಬಿಡೋಣ, ತಡ ಯಾಕಾಯ್ತು ಅಂತ ಏನೂ ಬರೀಬೇಡಿ" ಅಂದರು ಮ್ಯಾನೇಜರ್.

"ಬೇಡ ಸಾರ್, ನಾನೇ ಫೋನ್ ಮಾಡ್ತೀನಿ" ಅಂದರು ವೈರಣ್ಣ.

ಆಗಿಂದಾಗಲೇ ನಾವಿಬ್ಬರೂ ಫೋನ್ ಹಿಡಿದು ಕೂತೆವು. ಕೆಲವರು ಹೆದರಿದರು, ಕೆಲವರು ಚೆನ್ನಾಗಿ ಉಗಿದರು. ತೀರ ಗಂಭೀರ ಅಂತ ಡಾಕ್ಟರಮ್ಮ ಕೆಂಪು ಗುರುತು ಹಾಕಿದ್ದ ಹೆಸರು ಒಂದೇ, ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನದು. ಅದನ್ನು ವೈರಣ್ಣ ತಾವೇ ತೆಗೆದುಕೊಂಡರು.

"ಹೌದೇನಪ್ಪಾ?" ಅಂದಿತು ಸ್ಪೀಕರಿನಲ್ಲಿ ಆ ಕಡೆಯ ದನಿ. "ಮೆಸೇಜ್ ಬರ್ಲಿಲ್ಲ, ಸದ್ಯ ಗೆದ್ದೆ ಅಂದ್ಕೊಂಡೆ. ಅದೇ ಖುಷಿಗೆ ಮಗಳು ಇವತ್ತು ಎಲ್ಲರನ್ನೂ ಊಟಕ್ಕೆ ಕರ್ದಿದ್ದಾಳೆ. ನಾಳೆ ಬಂದ್ರೆ ಆಗಲ್ವಾ?"

ಪಕ್ಕದಲ್ಲೇ ನಿಂತಿದ್ದ ಡಾಕ್ಟರಮ್ಮ ತಲೆಯಾಡಿಸಿದರು, ಆಗಲ್ಲ. ವೈರಣ್ಣ ಅಂದರು, "ಊಟ ಮುಗಿಸ್ಕೊಂಡೇ ಬನ್ನಿ ಅಮ್ಮಾ. ಇವತ್ತೇ ಬನ್ನಿ. ನಾನು ಬಾಗಿಲಲ್ಲೇ ಇರ್ತೀನಿ."

ಮೂರು ಗಂಟೆಗೆ ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಜೊತೆಗೆ ಅತ್ತು ಮುಖ ಊದಿದ ಮಗಳು. "ಇಷ್ಟು ದಿನ ಏನ್ ಮಾಡ್ತಿದ್ರಿ ನೀವೆಲ್ಲ?" ಅಂತ ಮಗಳು ವೈರಣ್ಣನ ಮೇಲೇ ಏರಿಹೋದಳು. ಹಿಂದಿನಿಂದ ಮ್ಯಾನೇಜರ್ ಸುಮ್ಮನಿರಿ ಅಂತ ಕೈಸನ್ನೆ ಮಾಡುತ್ತಿದ್ದರು.

"ಮಿಷನ್ ತೆಗ್ದವನು ನಾನೇ ತಾಯಿ. ನನ್ನಿಂದಾದ ತಪ್ಪು" ಅಂದರು ವೈರಣ್ಣ.

ಆ ಅಮ್ಮ ಮಗಳ ತೋಳು ಹಿಡಿದು ಎಳೆದರು. "ಬಿಡೇ, ಅವ್ರನ್ನ ಯಾಕೆ ಬೈತೀಯ. ಮೆಸೇಜ್ ಬರ್ಲಿಲ್ಲ ಅಂತ ಎಷ್ಟೋ ತಿಂಗಳಾದ್ಮೇಲೆ ಎಂಟು ದಿನ ಕಣ್ತುಂಬ ನಿದ್ದೆ ಮಾಡಿದ್ದೀನಿ."

ಇಪ್ಪತ್ತೆರಡು ವರ್ಷ ಯಾರ ಬೈಗುಳಕ್ಕೂ ಅಲ್ಲಾಡದ ಮನುಷ್ಯ, ಆ ಮಾತಿಗೆ ಗೋಡೆ ಹಿಡಿದುಕೊಂಡು ನಿಂತರು.