ಆ್ಯಂಡ್, ಬಟ್ ಮತ್ತು ತೆನೆಯ ಪಾಲು

ಎರಡು ಇಂಗ್ಲಿಷ್ ವಾಕ್ಯಗಳನ್ನು ಜೋಡಿಸುವುದು ಹೇಗೆಂದು ಹೇಳಿಕೊಡುವುದೇ ನನ್ನ ಹೊಟ್ಟೆಪಾಡು. ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಗತಿ. ಬರುವವರಲ್ಲಿ ಹೆಚ್ಚಿನವರು ನರ್ಸುಗಳು. ವಿದೇಶದ ಆಸ್ಪತ್ರೆ ಸೇರಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ರೋಗಿಯ ಬಗ್ಗೆ ಒಂದು ಪತ್ರ ಬರೆಯಬೇಕು. ಜ್ವರ ಬಂತು ಆ್ಯಂಡ್ ಮದ್ದು ಕೊಟ್ಟೆವು ಆ್ಯಂಡ್ ಮಲಗಿದರು ಆ್ಯಂಡ್ ಎದ್ದರು ಎಂದು ಇವರು ಮಲ್ಲಿಗೆ ಕಟ್ಟಿದ ಹಾಗೆ ಕಟ್ಟುತ್ತಾ ಹೋಗುತ್ತಾರೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಮದ್ದು ಕೊಟ್ಟದ್ದಕ್ಕೆ ಮಲಗಿದರೋ, ಕೊಟ್ಟರೂ ಮಲಗಲಿಲ್ಲವೋ, ಅದನ್ನು ಹೇಳಬೇಕಲ್ಲ ಮಾರಾಯ್ತಿ? ಸೋ ಉಂಟು, ಬಟ್ ಉಂಟು. ಅವಕ್ಕೂ ಜ್ವರವಾ?" ಎಂದು ಕೇಳುತ್ತೇನೆ.

ಬಟ್ ಕಲಿಸಲು ನನ್ನದೊಂದು ಹಳೆಯ ವಾಕ್ಯವಿದೆ. ಐ ಲಿವ್ ಅಲೋನ್, ಬಟ್ ಐ ಆ್ಯಮ್ ಹ್ಯಾಪಿ. ಒಬ್ಬಳೇ ಇದ್ದೇನೆ, ಆದರೆ ಖುಷಿಯಾಗಿದ್ದೇನೆ. ಬೋರ್ಡಿನ ಮೇಲೆ ಅದನ್ನು ಬರೆದು, ಅಲ್ಪವಿರಾಮಕ್ಕೆ ಕೆಂಪು ಸುತ್ತು ಹಾಕುತ್ತೇನೆ. ಎಲ್ಲ ಬ್ಯಾಚಿನವರೂ ಸುಮ್ಮನೆ ಬರೆದುಕೊಂಡಿದ್ದಾರೆ. ಕಳೆದ ವರ್ಷ ಕಾರ್ಕಳದಾಚೆಯ ಅಜೆಕಾರಿನಿಂದ ಬರುತ್ತಿದ್ದ ಕೊಂಕಣಿ ಕ್ರೈಸ್ತರ ಹುಡುಗಿಯೊಬ್ಬಳು ಮಾತ್ರ ಪೆನ್ನು ಕೆಳಗಿಟ್ಟಳು.

"ಇಲ್ಲಿ ಆ್ಯಂಡ್ ಹಾಕಿದರೆ ಎಂತ ತಪ್ಪು ಟೀಚರ್?"

"ಮೊದಲಿನದ್ದು ಕೇಳಿದವರು ಎಣಿಸದೇ ಇದ್ದದ್ದು ಆಮೇಲೆ ಬಂದರೆ ಬಟ್."

"ಹಾಗಾದರೆ ಒಬ್ಬರೇ ಇರುವವರಿಗೆ ಖುಷಿ ಇಲ್ಲ ಅಂತ ಎಲ್ಲರೂ ಎಣಿಸುವುದಾ?"

"ಎಣಿಸುತ್ತಾರೆ. ನೀನು ಬರೆ."

ಬರೆದಳು. ಆದರೆ ನನ್ನ ಮುಖ ನೋಡುತ್ತಲೇ ಬರೆದಳು.

ಮಣಿಪಾಲದಲ್ಲಿ ನನ್ನ ಬಾಡಿಗೆ ಮನೆ. ಮದುವೆ ಕೂಡಿ ಬರಲಿಲ್ಲ, ನಾನೂ ಅದರ ಬೆನ್ನು ಹತ್ತಲಿಲ್ಲ. ಅಕ್ಕಪಕ್ಕದ ಫ್ಲ್ಯಾಟುಗಳಲ್ಲಿ ಕಾಲೇಜು ಮಕ್ಕಳು; ಮುಖ ಪರಿಚಯವಾಗುವಷ್ಟರಲ್ಲಿ ಓದು ಮುಗಿಸಿ ಹೋಗಿರುತ್ತಾರೆ. ಕಾಪುವಿನಲ್ಲಿ ತಮ್ಮನಿದ್ದಾನೆ. ಅವನ ಮನೆಗೆ ಹೋದರೆ ಒಳ್ಳೆಯ ಕಪ್ಪಿನಲ್ಲಿ ಚಹಾ ಬರುತ್ತದೆ, ನೆಂಟರಿಗೆ ಬಂದ ಹಾಗೆ. ಆದಿತ್ಯವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟ ಮೇಲೆ ನನಗೆ ಅಳು ಬರುತ್ತದೆ. ಇವಳೂ ನಮ್ಮವಳು ಎಂದು ಲೆಕ್ಕಕ್ಕೆ ಹಿಡಿಯುವ ಒಂದು ಮನೆ ಬೇಕು ಅನ್ನಿಸುತ್ತದೆ. ಇದನ್ನು ನಾನು ಯಾರಲ್ಲೂ ಹೇಳಿದವಳಲ್ಲ.

ಹುಡುಗಿ ಪಾಸಾಗಿ ಐರ್ಲೆಂಡಿಗೆ ಹೋದಳು. ಹೋದವರು ಸ್ವಲ್ಪ ದಿನ ಗುಡ್ ಮಾರ್ನಿಂಗ್ ಎಂದು ಹೂವಿನ ಚಿತ್ರ ಕಳಿಸುತ್ತಾರೆ, ಆಮೇಲೆ ಅದೂ ನಿಲ್ಲುತ್ತದೆ. ಇವಳೂ ಅಷ್ಟೇ ಎಂದುಕೊಂಡು ನಾನು ಹೊಸ ಬ್ಯಾಚಿಗೆ ಅದೇ ವಾಕ್ಯ ಬರೆಸಿದೆ.

ಸೆಪ್ಟೆಂಬರಿನಲ್ಲಿ ಕೊಂಕಣಿ ಕ್ರೈಸ್ತರ ತೆನೆ ಹಬ್ಬ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಹಬ್ಬ ಕಳೆದ ಮೇಲೆ ಅದೇ ಊರಿನ ಇನ್ನೊಬ್ಬ ವಿದ್ಯಾರ್ಥಿನಿ ನನ್ನ ಕೈಗೊಂದು ಸಣ್ಣ ಕಾಗದದ ಪೊಟ್ಟಣ ಕೊಟ್ಟಳು. ಒಳಗೆ ಒಂದಿಷ್ಟು ಭತ್ತದ ಕಾಳು. ಐರ್ಲೆಂಡಿಗೆ ಹೋದ ಹುಡುಗಿಯ ತಾಯಿ ಕಳಿಸಿದ್ದಂತೆ. ಏನೆಂದು ತಿಳಿಯದೆ ಅವರಿಗೆ ಫೋನ್ ಮಾಡಿದೆ.

"ಅದು ಹೊರಗಿನವರಿಗೆ ಕೊಡುವುದಲ್ಲ ಟೀಚರ್," ಎಂದರು ಅವರು. "ದೂರ ಇರುವ ಮನೆಯವರ ಪಾಲು ಎತ್ತಿಟ್ಟು ಕಳಿಸುವುದು ನಮ್ಮಲ್ಲಿ. ಈ ಸರ್ತಿ ಎರಡು ಪಾಲು ಎತ್ತಿಟ್ಟೆ. ಒಂದು ಮಗಳದ್ದು, ಒಂದು ನಿಮ್ಮದು. ಅವಳೇ ಹೇಳಿದ್ದು."

ಹೇಗೆ ತಿನ್ನುವುದು ಎಂದಷ್ಟೇ ಕೇಳಿದೆ.

"ಪುಡಿ ಮಾಡಿ ಕಾಯಿಹಾಲಿಗೆ ಹಾಕಿ. ಒಬ್ಬರೇ ಕೂತು ಮಾತ್ರ ತಿನ್ನಬೇಡಿ ಆಯ್ತಾ? ಯಾರಾದರೂ ಬರುವವರೆಗೆ ಇಡಿ, ಹಾಳಾಗುವುದಿಲ್ಲ."

ಇಟ್ಟೆ. ಯಾರೂ ಬರಲಿಲ್ಲ. ಸಕ್ಕರೆ ಡಬ್ಬದ ಪಕ್ಕದಲ್ಲಿ ಪೊಟ್ಟಣ ಹಾಗೇ ಇತ್ತು, ಚಹಾ ಮಾಡುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ತಮ್ಮನನ್ನು ಕರೆಯೋಣವೆಂದು ಫೋನ್ ಎತ್ತಿದೆ, ಏನೆಂದು ಹೇಳಿ ಕರೆಯುವುದೆಂದು ತಿಳಿಯದೆ ಕೆಳಗಿಟ್ಟೆ.

ಹೀಗಿರುವಾಗ ಒಂದು ಆದಿತ್ಯವಾರ ಮಧ್ಯಾಹ್ನ ಹುಡುಗಿಯ ವಿಡಿಯೋ ಕರೆ ಬಂತು. ಅಲ್ಲಿ ಇನ್ನೂ ಬೆಳಗ್ಗೆ. ಮಂಕು ಬೆಳಕಿನ ಸಣ್ಣ ಕೋಣೆ, ಅವಳ ಮೈಮೇಲೆ ದಪ್ಪ ಸ್ವೆಟರ್.

"ನನ್ನ ಪಾಲು ನಿನ್ನೆ ಪೋಸ್ಟಿನಲ್ಲಿ ಬಂತು ಟೀಚರ್. ನಿಮ್ಮದು ಉಂಟಾ, ತಿಂದಾಯ್ತಾ?"

"ಉಂಟು," ಎಂದೆ.

ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ತೆಂಗಿನಕಾಯಿ ತುರಿದೆ. ಅವಳು ಅಲ್ಲಿ ಉಗುರಿನಿಂದ ಕಾಳು ಸುಲಿದಳು. ಕಾಯಿ ಸಿಗಲಿಲ್ಲವೆಂದು ದನದ ಹಾಲನ್ನೇ ಬಿಸಿ ಮಾಡಿದಳು. ನಾನು ಕಾಳು ಸುಲಿದು ಕುಟ್ಟುವಾಗ ಅರ್ಧ ನೆಲಕ್ಕೆ ಹಾರಿತು, ಅವಳು ನಕ್ಕಳು. ಲೋಟ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದವಳು ನಡುವೆ ತಡೆದಳು.

"ಇಲ್ಲಿ ನಾನು ಒಬ್ಬಳೇ ಟೀಚರ್."

ಮುಂದೆ ಬಟ್ ಬರುತ್ತದೆಂದು ಕಾದೆ. ಅವಳು ಏನನ್ನೂ ಸೇರಿಸಲಿಲ್ಲ.

"ನಾನೂ," ಎಂದೆ. ನಾನೂ ಏನನ್ನೂ ಸೇರಿಸಲಿಲ್ಲ. "ಕುಡಿ, ಆರುತ್ತದೆ."

ಇಬ್ಬರೂ ಒಟ್ಟಿಗೇ ಕುಡಿದೆವು.