ಅಟ್ಟದ ಮೇಲಿನ ಅಮೆರಿಕ

ಅಮೆರಿಕಕ್ಕೆ ಹೊರಟವರು ಧಾರವಾಡದ ನಮ್ಮ ಮನೆಗೆ ಒಮ್ಮೆ ಬಂದು ಹೋಗುವುದು ನಮ್ಮ ಓಣಿಯಲ್ಲಿ ರೂಢಿಯಾಗಿದೆ. ನಾನು ಶಿಕಾಗೋಕ್ಕೆ ಓದಲು ಹೋಗಿ ಕೆಲವು ವರ್ಷ ಇದ್ದು ಬಂದವನು, ಆಮೇಲೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಇಲ್ಲೇ ಉಳಿದವನು. ನನ್ನ ಅರ್ಹತೆ ಅಷ್ಟೇ. ಬಂದವರಿಗೆ ಅವ್ವ ಚಹಾ ಕೊಡುತ್ತಾಳೆ, ನಾನು ಉಪದೇಶ ಕೊಡುತ್ತೇನೆ. ಒಂದು ದಪ್ಪ ಕೋಟಿಗಿಂತ ತೆಳುವಾದ ಅಂಗಿಗಳನ್ನು ಒಂದರ ಮೇಲೊಂದು ಹಾಕಿಕೊಂಡರೆ ಚಳಿ ಕಡಿಮೆ. ಮನೆ ಹಿಡಿಯುವ ಮೊದಲು ಬಸ್ಸು ಎಲ್ಲಿ ನಿಲ್ಲುತ್ತದೆ ನೋಡಿರಿ, ಅಡುಗೆಮನೆ ಆಮೇಲೆ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ, ಇಲ್ಲದಿದ್ದರೆ ಹೊಗೆಗೆ ಕಿರುಚುವ ಗಂಟೆ ಇಡೀ ಕಟ್ಟಡದವರನ್ನು ಬೀದಿಗೆ ತರುತ್ತದೆ. ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳಿರಿ. ಹೊತ್ತು ಹೋಗದಿದ್ದರೆ ಊರಿನ ಗ್ರಂಥಾಲಯಕ್ಕೆ ಹೋಗಿರಿ. ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ, ದಿನವಿಡೀ ಬೆಚ್ಚಗೆ ಕೂಡಬಹುದು.

ಇವೆಲ್ಲ ಖರೆಯೇ ಎಂದು ಕೇಳಿದರೆ ಹೌದು ಅನ್ನಲು ಈಚೆಗೆ ಅಳುಕುತ್ತೇನೆ. ನಾನು ಎಲ್ಲರಿಗೂ ಹೇಳುವ ಒಂದು ದೃಶ್ಯವಿದೆ. ಗಾಲಿಕುರ್ಚಿಯಲ್ಲಿದ್ದ ಮುದುಕನೊಬ್ಬ ನಿಲ್ದಾಣದಲ್ಲಿ ಕಾಯುತ್ತಿದ್ದ. ಬಸ್ಸು ಬಂದು ಆನೆ ಕುಳಿತ ಹಾಗೆ ಒಂದು ಕಡೆ ತಗ್ಗಿತು, ಡ್ರೈವರ ಇಳಿದು ಅವನನ್ನು ಒಳಗೆ ತಂದು ಕುರ್ಚಿಯನ್ನು ಪಟ್ಟಿಯಿಂದ ಬಿಗಿದ, ಮತ್ತೆ ಹೋಗಿ ತನ್ನ ಜಾಗದಲ್ಲಿ ಕೂತ. ತುಂಬಿದ ಬಸ್ಸಿನಲ್ಲಿ ಒಬ್ಬರೂ ಲೊಚಗುಟ್ಟಲಿಲ್ಲ. ಒಂದು ಊರು ಒಬ್ಬ ಮುದುಕನಿಗಾಗಿ ನಿಂತದ್ದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಆದರೆ ನನ್ನ ನೆನಪಿನಲ್ಲಿ ಹೊರಗೆ ಹಿಮ ಬೀಳುತ್ತಿದೆ, ಮುದುಕ ಮಾತ್ರ ಅರ್ಧತೋಳಿನ ಅಂಗಿ ತೊಟ್ಟಿದ್ದಾನೆ. ಎರಡೂ ಕೂಡಿ ಖರೆ ಇರಲಾರವು. ಹಿಮವನ್ನು ಬಿಡಲೋ ಅಂಗಿಯನ್ನು ಬಿಡಲೋ ನನಗೆ ಗೊತ್ತಾಗುವುದಿಲ್ಲ.

ಇಂಥ ಸಾಕ್ಷಿಯ ಮಾತು ಕೇಳಿ ವೈನಿ ತಮ್ಮ ಒಂದು ವರ್ಷವನ್ನು ನಿರ್ಧರಿಸಬೇಕಾಗಿ ಬಂತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು, ಓದಿ ವಿಜ್ಞಾನಿಯಾದವರು, ಬಹಳ ವರ್ಷಗಳಿಂದ ಜೋಳದ ತಳಿಗಳ ಮೇಲೆ ಕೆಲಸ ಮಾಡುವವರು. ಸೇಂಟ್ ಲೂಯಿಸ್ ನಗರದ ಒಂದು ಪ್ರಯೋಗಾಲಯ ಅವರನ್ನು ಒಂದು ವರ್ಷಕ್ಕೆ ಕರೆದಿತ್ತು. ವಾರದೊಳಗೆ ಉತ್ತರ ಹೇಳಬೇಕಿತ್ತು. ಅಣ್ಣ ಬ್ಯಾಂಕಿನ ಕೆಲಸ ಬಿಟ್ಟು ಜೊತೆಗೆ ಹೋಗುವ ಹಾಗಿರಲಿಲ್ಲ. ಆದರೆ ನೀ ಹೋಗು ಎಂದು ಮೊದಲು ಅಂದವನು ಅವನೇ. ಅಲ್ಲಿಯವರು ಒಂದು ಮನೆಯನ್ನೂ ನೋಡಿಟ್ಟಿದ್ದರು. ಪ್ರಯೋಗಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರ, ಆದರೆ ಮಹಡಿಯ ಮೇಲೆ. ಕೆಳಗೆ ಬೇರೆ ಯಾರೋ ಇದ್ದರು.

ಸಂಜೆ ಊಟಕ್ಕೆ ಕೂತಾಗ ವೈನಿ ಮೊಬೈಲಿನಲ್ಲಿ ಆ ಮನೆಯ ಚಿತ್ರ ತೋರಿಸಿದರು. ಬಿಳಿ ಗೋಡೆ, ಕಿಟಕಿಯ ಹೊರಗೆ ಒಂದು ಮರ.

"ಮ್ಯಾಲಿನ ಮನಿ ಛಲೋನ," ನಾನು ಅಂದೆ. "ಬೆಳಕು ಬರತೈತಿ. ಆದ್ರ ಒಂದ ಮಾತು ವೈನಿ, ಅಲ್ಲಿ ರೊಟ್ಟಿ ಬಡಿಯೂಹಂಗಿಲ್ಲ."

ವೈನಿಯ ಕೈಯ ತುತ್ತು ಅಲ್ಲೇ ನಿಂತಿತು. "ಯಾಕ?"

ನಾನು ನನ್ನ ಹಳೆಯ ಕತೆ ಹೇಳಿದೆ. ಅಲ್ಲಿಯ ಮನೆಗಳು ಕಟ್ಟಿಗೆಯವು. ಶಿಕಾಗೋದಲ್ಲಿ ಒಂದು ಮುಂಜಾನೆ ನಮ್ಮ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದಾಗ ಕೆಳಗಿನ ಮನೆಯವರು ಕಸಬರಿಗೆಯ ಕೋಲಿನಿಂದ ತಮ್ಮ ತಲೆಯ ಮೇಲಿನ ಛತ್ತಿಗೆ ದಬದಬ ಗುದ್ದಿದ್ದರು. ಅವತ್ತಿನಿಂದ ನಮ್ಮ ರೊಟ್ಟಿ ಬಂದ್ ಆಯಿತು.

"ತಡೀರಿ ಅಮೆರಿಕಾ ಸಾಹೇಬ್ರ," ವೈನಿ ಅಂದರು. "ಬಡದಾವ್ರು ಯಾರು? ನಿಮಗ ಹಿಟ್ಟು ನಾದಾಕೂ ಬರೂದಿಲ್ಲ."

"ನನ್ನ ಕೋಣ್ಯಾಗ ಇದ್ದಾಂವ. ನಾಗಪುರದಾಂವ."

"ಹೋದ ಸಲ ಹೇಳಿದಾಗ ಅಂವ ನೆಲ್ಲೂರಿನಾಂವ ಇದ್ದ," ಅಣ್ಣ ಸಾರು ಸುರಿಯುತ್ತ ಅಂದ. "ನೆಲ್ಲೂರಿನಾಂವ ಜ್ವಾಳದ ರೊಟ್ಟಿ ಯಾಕ ಬಡೀತಾನೋ, ಅನ್ನ ಬಸದು ಉಣ್ತಾನ."

"ಕಸಬರಿಗಿ ಅಲ್ಲ, ಬಡಿಗಿ ಅಂತಿದ್ದಿ ತಮ್ಮಾ," ಅವ್ವನೂ ಸೇರಿಸಿದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ವೈನಿ ಮಾತ್ರ ನಗಲಿಲ್ಲ. "ಇಷ್ಟು ವರ್ಷ ಜ್ವಾಳ ಬೆಳಸಾಕತ್ತೇನಿ. ಅಲ್ಲಿ ಹೋಗಿ ಹಗಲೆಲ್ಲಾ ಜ್ವಾಳದ ಕೆಲಸಾ ಮಾಡಿ, ಮನಿಗೆ ಬಂದು ಬ್ರೆಡ್ ತಿನ್ಲೇನು?"

"ಲಟ್ಟಿಸಿಬಿಡು, ಸಪ್ಪಳಾನ ಇಲ್ಲ," ಅಂದ ಅಣ್ಣ.

"ಲಟ್ಟಿಸಿದ್ದಕ್ಕ ರೊಟ್ಟಿ ಅಂತಾರೇನೋ?" ಅವ್ವ ಅವನನ್ನು ಗದರಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಖಡಕ್ ರೊಟ್ಟಿ ಮಾಡಿ ಡಬ್ಬಿ ತುಂಬ್ಕೊಂಡು ಹೋಗವಾ. ಕೆಡೂದಿಲ್ಲ."

"ವರ್ಷದ್ದು ಒಯ್ದ್ರ ವಿಮಾನ ಏಳೂದಿಲ್ಲ ಅತ್ಯಾ."

ಊಟವಾದ ಮೇಲೆ ತಾಟು ಎತ್ತುವಾಗ ವೈನಿ ನನ್ನೊಬ್ಬನಿಗೇ ಕೇಳುವ ಹಾಗೆ ಅಂದರು: "ರೊಟ್ಟಿ ತಿನ್ನೂದಷ್ಟ ಅಲ್ರಿ. ನಾ ಒಬ್ಬಾಕಿನ ಒಂದು ಮನ್ಯಾಗ ಎಂದೂ ಇದ್ದಾಕಿ ಅಲ್ಲ. ಮುಂಜಾನೆ ಎದ್ದು ರೊಟ್ಟಿ ಬಡದ್ರ ಅದು ನನ್ನ ಮನಿ ಅನಸ್ತೈತಿ. ಅದೂ ಇಲ್ಲಂದ್ರ, ಕಳ್ಳರಂಗ ಸಪ್ಪಳಾ ಮಾಡದ ಒಂದು ವರ್ಷ ಇರಾಕ ನನ್ನ ಕೈಲೆ ಆಗೂದಿಲ್ಲ. ಬ್ಯಾಡ ಅಂತ ಬರದುಬಿಡ್ತೇನಿ."

ನನಗೆ ಗಾಬರಿಯಾಯಿತು. ಯಾರು ಬಡಿದರು, ಯಾವುದರಿಂದ ಗುದ್ದಿದರು ಎಂದು ನನಗೇ ಗೊತ್ತಿಲ್ಲದ ಒಂದು ಕತೆಯನ್ನು ನೆಚ್ಚಿ ಇವರು ಹೋಗುವುದನ್ನೇ ಬಿಡಲಿದ್ದರು. ನಮ್ಮ ಮನೆಯಲ್ಲಿ ದಿನ ಶುರುವಾಗುವುದೇ ವೈನಿಯ ರೊಟ್ಟಿಯ ಸಪ್ಪಳದಿಂದ. ಹಿಟ್ಟಿನ ಉಂಡೆ ಹಲಗೆಯ ಮೇಲೆ ತಿರುಗುತ್ತ ಅಗಲವಾಗುವ ಆ ಬಡಿತ ಕೇಳಿ ನಾನು ಏಳುತ್ತೇನೆ. ಅವ್ವನ ಕಣ್ಣು ಈಗ ಮಂದ. ಸಪ್ಪಳದ ಮೇಲೆಯೇ ರೊಟ್ಟಿ ದುಂಡಗಾಯಿತೋ ಇಲ್ಲವೋ ಹೇಳುತ್ತಾಳೆ.

"ನನ್ನ ಮಾತು ಅಷ್ಟು ನಂಬಬ್ಯಾಡ್ರಿ," ಅಂದೆ.

"ನಂಬೂದಿಲ್ಲ. ಪರೀಕ್ಷಾ ಮಾಡೂಣು," ಅಂದರು ವೈನಿ.

ರವಿವಾರ ಮುಂಜಾನೆ ಅವರು ಹಿಟ್ಟು ನಾದಿ, ರೊಟ್ಟಿ ಬಡಿಯುವ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಟ್ಟದ ಏಣಿಯ ಹತ್ತಿರ ನಿಂತರು. ನಮ್ಮದು ಹಳೆಯ ಹಂಚಿನ ಮನೆ. ಹಿಂದಿನ ಕೋಣೆಯ ಮೇಲೆ ಸಾಗವಾನಿ ಹಲಗೆಯ ಅಟ್ಟವಿದೆ, ಅದರ ತುಂಬ ಹಳೆಯ ಪಾತ್ರೆ, ಮುರಿದ ತೊಟ್ಟಿಲು.

"ಇದ ಅಮೆರಿಕಾ," ವೈನಿ ಮೇಲೆ ತೋರಿಸಿದರು. "ನಾ ಮ್ಯಾಲಿನ ಬಾಡಿಗ್ಯಾಕಿ. ನೀವು ಕೆಳಗಿನ ಮನಿಯಾವ್ರು. ಮಂಚದ ಮ್ಯಾಲೆ ಮಕ್ಕೋರಿ."

ಅಣ್ಣ ಏಣಿ ಹಿಡಿದ. ನಾನು ಮಂಚದ ಮೇಲೆ ಅಮೆರಿಕನ್ ಆಗಿ ಮಲಗಿದೆ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸುಡುವುದಿರಲಿಲ್ಲ, ಬಡಿಯುವುದಷ್ಟೇ, ಅದೇ ಉಂಡೆಯನ್ನು ಮತ್ತೆ ಮತ್ತೆ ನಾದಿ ಬಡಿಯುವುದು ಎಂದು ನಿಶ್ಚಯವಾಗಿತ್ತು.

ಬರಿ ಹಲಗೆಯ ಮೇಲಿನ ಮೊದಲ ಏಟಿಗೇ ಮನೆಯೊಳಗೆ ಡೊಳ್ಳು ಬಾರಿಸಿದಂತಾಯಿತು. ಅಟ್ಟದ ಸಂದಿಯಿಂದ ಧೂಳು ನನ್ನ ಕಣ್ಣಿಗೆ ಬಿತ್ತು.

"ಕಸಬರಿಗಿ ಎಲ್ಲೈತ್ಯೋ?" ನಾನು ಕೂಗಿದೆ.

"ನಿನಗ ಯಾಕ, ನಾಗಪುರದಾಂವ ತರ್ತಾನ," ಅಣ್ಣ ಅಂದ.

ಆಮೇಲೆ ವೈನಿ ಹಲಗೆಯ ಕೆಳಗೆ ಜಮಖಾನ ಹಾಕಿದರು. ಆಮೇಲೆ ಗೋಣಿಚೀಲ. ಕಡೆಗೆ ತವರಿನಲ್ಲಿ ಅವರ ತಾಯಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ಮಡಚಿ ಇಟ್ಟರು. ಕೌದಿಯ ಮೇಲೆ ಬಡಿದಾಗ ಪಕ್ಕದ ಓಣಿಯಲ್ಲಿ ಯಾರೋ ಗಾದಿ ಝಾಡಿಸಿದಷ್ಟೇ ಕೇಳಿತು. "ಇದ ಛಲೋ, ಇದ ಛಲೋ," ಎಂದು ನಾನು ಎದ್ದು ಕೂತೆ.

ಅಷ್ಟಕ್ಕೆ ಅವರು ಒಪ್ಪಲಿಲ್ಲ. "ಕೌದಿ ಹಾಕೇನಿ ಅಂತ ಗೊತ್ತಿದ್ದಕ್ಕ ಛಲೋ ಅನ್ನಾಕತ್ತೀರಿ. ಈಗ ಏನು ಹಾಕೇನಿ ಅಂತ ಹೇಳೂದಿಲ್ಲ. ಗ್ವಾಡಿ ಕಡೆ ಮಾರಿ ಮಾಡ್ರಿ."

ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಒಂದು ಬಡಿತಕ್ಕೆ "ಇದು ಗೋಣಿಚೀಲ, ಜೋರೈತಿ" ಅಂದೆ. ಅದು ಕೌದಿಯಾಗಿತ್ತು. ಮುಂದಿನದಕ್ಕೆ "ಕೌದಿ, ಏನೂ ಕೇಳೂದಿಲ್ಲ" ಅಂದೆ. ಅದು ಗೋಣಿಚೀಲವಾಗಿತ್ತು. ಮೇಲಿನಿಂದ ನಗು ಕೇಳಿಸಿತು. ಈಗಷ್ಟೇ ಕಿವಿಗೆ ಬಿದ್ದ ಸಪ್ಪಳವನ್ನೇ ಹೀಗೆ ತಪ್ಪು ಹೇಳುವವನು ಶಿಕಾಗೋದ ಸಪ್ಪಳದ ಬಗ್ಗೆ ಏನು ಹೇಳಬಲ್ಲೆ ಅನಿಸಿತು. ಇಷ್ಟು ವರ್ಷ ಬಂದವರಿಗೆಲ್ಲ ಗೋಣಿಚೀಲವನ್ನು ಕೌದಿ ಎಂದು ಹೇಳುತ್ತ ಬಂದಿದ್ದೇನೋ ಏನೋ.

ವೈನಿ ಮತ್ತೊಮ್ಮೆ ಶುರು ಮಾಡಿದರು, ಈ ಸಲ ನಿಲ್ಲಿಸದೆ, ದಿನದ ರೊಟ್ಟಿಗಳನ್ನು ಬಡಿಯುವ ಹಾಗೆ. ಅಣ್ಣ ನನ್ನ ಭುಜ ತಟ್ಟಿ ಕುರ್ಚಿಯ ಕಡೆ ತೋರಿಸಿದ. ಬೆಕ್ಕು ನಡೆದರೂ ಎಚ್ಚರಾಗುವ ನಮ್ಮ ಅವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ವೈನಿ ಅಟ್ಟದ ಅಂಚಿನಿಂದ ಬಗ್ಗಿ ನೋಡಿದರು. ಅವರ ಗಲ್ಲಕ್ಕೆ ಹಿಟ್ಟು ಹತ್ತಿತ್ತು. "ಅತ್ಯಾ ಮಕ್ಕೊಂಡ್ರೇನು?"

"ಗೊರಕಿ ಹೊಡ್ಯಾಕತ್ತಾಳ."

"ಹಲಗಿ ಕೆಳಗ ಕೌದಿನ ಐತಿ. ಸಾಕು ತಗೋರಿ," ಅಂದರು. ಆ ಸಂಜೆಯೇ ಬರುತ್ತೇನೆ ಎಂದು ಉತ್ತರ ಬರೆದರು. ಸೂಟ್‌ಕೇಸಿನಲ್ಲಿ ನಾನು ಹೇಳಿದ ಅಂಗಿಗಳಿಗೆ ಜಾಗ ಉಳಿಯಲಿಲ್ಲ. ಕೌದಿ ಮತ್ತು ಹಲಗೆಯೇ ಅರ್ಧ ಹಿಡಿದವು.

ಅಲ್ಲಿ ಮುಟ್ಟಿದ ಮೇಲಿನ ಮೊದಲ ಫೋನು ನನ್ನ ಹೆಸರಿಗೇ ಬಂತು. "ಎಲ್ಲಿ ಅದಾವ್ರಿ ನಿಮ್ಮ ಕಟ್ಟಿಗಿ ಮನಿ? ಇಲ್ಲಿ ಇಡೀ ಓಣಿ ಕೆಂಪ ಇಟ್ಟಿಗಿ!"

ಸೇಂಟ್ ಲೂಯಿಸಿಗೆ ನಾನೂ ಒಮ್ಮೆ ಹೋಗಿದ್ದೆ. ನದಿಯ ದಂಡೆಯ ಆ ದೊಡ್ಡ ಕಮಾನು ಬಿಟ್ಟರೆ ಬೇರೇನೂ ನೆನಪಿನಲ್ಲಿಲ್ಲ.

"ಇರ್ಲಿ ಬಿಡ್ರಿ. ಒಳಗಿನ ನೆಲ ಹಲಗೀದ ಐತಿ. ಅರ್ಧಾ ಪಾಸಾದ್ರಿ."

ಆಮೇಲೆ ಅವರು ಹೇಳಿದ್ದು ಕೇಳಿ ನಾನು ಬೆರಗಾದೆ. ಅಲ್ಲಿ ಮೊದಲೇ ತಿಳಿಸದೆ ಯಾರ ಬಾಗಿಲನ್ನೂ ಬಡಿಯಬೇಡಿರಿ ಎಂದು ನಾನು ಒತ್ತಿ ಒತ್ತಿ ಹೇಳಿದ್ದೆ. ವೈನಿ ಮುಟ್ಟಿದ ಮರುದಿನವೇ ಹೋಗಿ ಕೆಳಗಿನ ಮನೆಯ ಬಾಗಿಲು ಬಡಿದಿದ್ದರು. ಅಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಣ್ಣುಮಗಳು ಬಾಗಿಲು ತೆಗೆದಿದ್ದಳು. ನಾನು ಕೈಯಿಂದ ಬಡಿದು ರೊಟ್ಟಿ ಮಾಡುತ್ತೇನೆ, ನೀವು ನಿಮ್ಮ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೂಡಿರಿ, ನಾನು ಮೇಲೆ ಬಡಿಯುತ್ತೇನೆ, ಎಷ್ಟು ಕೇಳುತ್ತದೆ ಹೇಳಿರಿ ಎಂದು ಇವರು ವಿವರಿಸಿದ್ದರು. ಆಕೆ ಮೊದಲು ಕಣ್ಣು ಕಿರಿದು ಮಾಡಿ ನೋಡಿದಳಂತೆ. ಆಮೇಲೆ ಕುರ್ಚಿ ಎಳೆದುಕೊಂಡು, ನಮ್ಮ ಅವ್ವ ಕೂತ ಹಾಗೆಯೇ, ಕೂತಳಂತೆ.

"ಏನಂದಳ?" ಅವ್ವ ಫೋನಿನ ಹತ್ತಿರ ಬಂದು ಕೇಳಿದಳು.

"ಕೇಳತೈತಿ, ಆದ್ರ ತ್ರಾಸಿಲ್ಲ. ಎಂಟರ ಮೊದಲ ಬ್ಯಾಡ, ರವಿವಾರ ಹತ್ತರ ಮೊದಲ ಬ್ಯಾಡ, ಮುಂದ ನಿನ್ನ ಮರ್ಜಿ ಅಂದಳ್ರಿ. ನಕ್ಕೋತ ಅಂದಳು."

ಅಮೆರಿಕದ ಊರುಗಳಲ್ಲಿ ನಾನು ಮೆಚ್ಚುವ ಗುಣ ಇದೇ, ಅದನ್ನು ಇಷ್ಟು ಸರಿಯಾಗಿ ಯಾರಿಗೂ ಹೇಳಲು ನನಗೆ ಬಂದಿರಲಿಲ್ಲ. ನಮ್ಮ ಓಣಿಯಲ್ಲಾಗಿದ್ದರೆ "ಅಯ್ಯ, ಅದರಾಗೇನೈತ್ರಿ, ಬಡೀರಿ ಬಡೀರಿ" ಎಂದು ಬಾಯಿತುಂಬ ಹೇಳಿ, ಸಂಜೆಯೊಳಗೆ ಊರಿಗೆಲ್ಲ ದೂರು ಹೇಳುತ್ತಿದ್ದೆವು. ಆಕೆ ತನಗೆ ಬೇಕಾದ್ದನ್ನು ಬಾಗಿಲಲ್ಲೇ ಹೇಳಿ ಮುಗಿಸಿದಳು, ಮತ್ತೆ ಆ ಮಾತು ತೆಗೆಯಲಿಲ್ಲ. ವೈನಿಯೂ ಎಂಟರ ಮೊದಲು ಹಲಗೆ ಮುಟ್ಟಲಿಲ್ಲ. ಶಿಕಾಗೋದಲ್ಲಿ ನನ್ನ ಕೆಳಗೆ ಯಾರಿದ್ದರು, ಗಂಡಸೋ ಹೆಂಗಸೋ, ನನಗೆ ತಿಳಿಯದು. ಕಸಬರಿಗೆ ಇತ್ತು ಎಂದು ಈಗ ಆಣೆ ಮಾಡಲಾರೆ. ಇಳಿದು ಹೋಗಿ ಕೇಳಬಹುದಿತ್ತು ಎಂಬುದು ಮಾತ್ರ ನಮ್ಮಿಬ್ಬರಿಗೂ, ಕೋಣೆಯ ಗೆಳೆಯ ಯಾವ ಊರಿನವನಾಗಿದ್ದರೂ, ಹೊಳೆದಿರಲಿಲ್ಲ.

ಈಗಲೂ ಹೊರಟವರು ಬರುತ್ತಾರೆ. ಬಸ್ಸಿನ ಮುದುಕನ ಕತೆಯನ್ನು ಹಿಮ ಬಿಟ್ಟು ಹೇಳುತ್ತೇನೆ. ಚಳಿಯ ಅಂಗಿಗಳ ಮಾತಿಗೆ ಬರುವಷ್ಟರಲ್ಲಿ ಅವ್ವ ಒಳಗಿನಿಂದ ಕೂಗುತ್ತಾಳೆ, "ಮೊದ್ಲ ಕೆಳಗಿನ ಮನಿಯಾವ್ರನ್ನ ಮಾತಾಡ್ಸು ಅಂತ ಹೇಳೋ."

ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತದೆ. ಅಣ್ಣ ಬ್ಯಾಂಕಿನಿಂದ ಬಂದು ಕಾಲು ತೊಳೆದು ಫೋನನ್ನು ಗೋಡೆಯ ಮಾಡದಲ್ಲಿ ಇಡುತ್ತಾನೆ. ವೈನಿ ತಮ್ಮ ಫೋನನ್ನು ಹಲಗೆಯ ಬಾಜೂ ನಿಲ್ಲಿಸಿ, ಮಡಚಿದ ಕೌದಿಯನ್ನು ಸರಿಮಾಡಿಕೊಂಡು, ಗೋಡೆಯ ಗಡಿಯಾರ ನೋಡುತ್ತ ಕಾಯುತ್ತಾರೆ. ಆಮೇಲೆ ಬಡಿತ ಶುರುವಾಗುತ್ತದೆ, ಹತ್ತಿರದಿಂದ, ನಮ್ಮ ಅಡುಗೆಮನೆಯಲ್ಲೇ ಬಡಿದಷ್ಟು ಸ್ಪಷ್ಟವಾಗಿ.

ಮೊನ್ನೆ ಅವ್ವ ಕಣ್ಣು ಮುಚ್ಚಿ ಕೇಳಿ ತಲೆ ಅಲ್ಲಾಡಿಸಿದಳು. "ಅಂಚು ದಪ್ಪ ಉಳದೈತಿ ನೋಡವಾ. ಅಂಚಿಗೆ ಬಾ."

"ಬಂದ್ನಿರಿ ಅತ್ಯಾ," ಅಂದರು ವೈನಿ ಸೇಂಟ್ ಲೂಯಿಸಿನಿಂದ, ಬಡಿಯುವುದನ್ನು ನಿಲ್ಲಿಸದೆ.